ಅಪ್‌ಗ್ರೇಡ್ ಅರ್ಧದಲ್ಲಿ ನಿಂತು ಪ್ರಶ್ನೆ ಕೇಳಿದರೆ ಏನು ಮಾಡಬೇಕು?

ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಅಪ್‌ಗ್ರೇಡ್ ಮಾಡುವಾಗ ಟರ್ಮಿನಲ್ ಒಮ್ಮೊಮ್ಮೆ ನಡುವೆಯೇ ನಿಲ್ಲುತ್ತದೆ. ‘ಈ ಕಾನ್ಫಿಗರೇಶನ್ ಫೈಲನ್ನು ನೀವು ತಿದ್ದಿದ್ದೀರಿ, ಪ್ಯಾಕೇಜಿನಲ್ಲೂ ಹೊಸದು ಬಂದಿದೆ, ಯಾವುದು ಇರಲಿ?’ ಎಂದು ಕೇಳುತ್ತದೆ. ವೈ ಎಂದರೆ ಹೊಸದು, ಎನ್ ಎಂದರೆ ನಿಮ್ಮದು. ಗಾಬರಿಯಿಂದ ವೈ ಒತ್ತಬೇಡಿ. ಉತ್ತರ ಕೊಡುವವರೆಗೂ ಅದು ಕಾಯುತ್ತದೆ. ಆದರೆ ದೂರದ ಸರ್ವರ್ ಆಗಿದ್ದರೆ, ಸಂಪರ್ಕ ಕಡಿದರೂ ಟರ್ಮಿನಲನ್ನು ಸರ್ವರಿನಲ್ಲೇ ಓಡಿಸುತ್ತಿರುವ ಟಿಮಕ್ಸ್ ಎಂಬ ಪ್ರೋಗ್ರಾಂ ಒಳಗೇ ಅಪ್‌ಗ್ರೇಡ್ ಶುರು ಮಾಡಿ, ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಪ್ಯಾಕೇಜ್ ಹಾಕುವ ಡಿಪಿಕೆಜಿ, ಮೂಲ ಫೈಲಿನ ಎಂಡಿ5 ಗುರುತನ್ನು (ಫೈಲಿನೊಳಗಿನ ವಿಷಯದಿಂದ ಲೆಕ್ಕ ಹಾಕಿದ ಸಂಕೇತ) ಬರೆದಿಟ್ಟುಕೊಂಡಿರುತ್ತದೆ. ನೀವು ಫೈಲ್ ಮುಟ್ಟಿರದಿದ್ದರೆ ಸುಮ್ನೆ ಹೊಸದನ್ನು ಹಾಕುತ್ತದೆ. ನೀವು ಮಾತ್ರ ತಿದ್ದಿದ್ದರೆ ನಿಮ್ಮದನ್ನೇ ಬಿಡುತ್ತದೆ. ಎರಡೂ ಕಡೆ ಬದಲಾದಾಗಲೇ ಈ ಪ್ರಶ್ನೆ.

ಮೊದಲು ಡಿ ಒತ್ತಿ, ಎರಡು ಫೈಲುಗಳ ನಡುವಿನ ವ್ಯತ್ಯಾಸ ಕಾಣುತ್ತದೆ. ಮೈನಸ್ ಇರುವ ಸಾಲು ನಿಮ್ಮದು, ಪ್ಲಸ್ ಇರುವುದು ಹೊಸದು. ಓದಿ ಮುಗಿದ ಮೇಲೆ ಕ್ಯೂ ಒತ್ತಿದರೆ ಅದೇ ಪ್ರಶ್ನೆಗೆ ವಾಪಸ್ ಬರುತ್ತೀರಿ.

ಎಂಜಿನ್‌ಎಕ್ಸ್ ವೆಬ್ ಸರ್ವರನ್ನೇ ನೋಡಿ. ಅಪ್‌ಲೋಡ್ ಮಿತಿ ಅದರಲ್ಲಿ ಸಾಮಾನ್ಯವಾಗಿ 1 ಎಂಬಿ. ದೊಡ್ಡ ಫೋಟೊಗಳಿಗಾಗಿ ಮುಖ್ಯ ಫೈಲಿನಲ್ಲಿ ಒಂದು ಸಾಲು ಸೇರಿಸಿ ಅದನ್ನು 20ಕ್ಕೆ ಏರಿಸಿದ್ದೀರಿ ಎನ್ನೋಣ. ವೈ ಒತ್ತಿದರೆ ಆ ಸಾಲು ಹೋಯಿತು. ಸರ್ವರ್ ಏನೂ ಆಗದಂತೆ ಓಡುತ್ತಿರುತ್ತದೆ, ಫೋಟೊ ಹಾಕಲು ಬಂದವರಿಗೆ ಮಾತ್ರ 413 ಎರರ್. ನಿಮ್ಮ ಹಳೆಯ ಫೈಲ್ ಅಳಿಸಿ ಹೋಗಿರುವುದಿಲ್ಲ, ಹೆಸರಿನ ಕೊನೆಗೆ ‘ಡಿಪಿಕೆಜಿ-ಓಲ್ಡ್’ ಸೇರಿಸಿಕೊಂಡು ಅಲ್ಲೇ ಇರುತ್ತದೆ.

ಅನುಮಾನವಿದ್ದರೆ ಎನ್ ಒತ್ತುವುದೇ ಒಳ್ಳೆಯದು. ಬರೀ ಎಂಟರ್ ಒತ್ತಿದರೂ ಸಾಮಾನ್ಯವಾಗಿ ಅದೇ ಅರ್ಥ. ಆಗ ಹೊಸ ಫೈಲ್ ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಕೂರುತ್ತದೆ. ಜಾಸ್ತಿ ಜನ ಅದನ್ನು ತೆರೆದೇ ನೋಡುವುದಿಲ್ಲ. ದಯವಿಟ್ಟು ನೋಡಿ. ವೆಬ್ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್‌ನ ಹಳೆಯ ಆವೃತ್ತಿಯನ್ನು ಕೈಬಿಡುವಂಥ ಸುರಕ್ಷತೆಯ ಬದಲಾವಣೆ ಅದರಲ್ಲಿರಬಹುದು. ಬೇಕಾದ ಸಾಲುಗಳನ್ನು ನಿಮ್ಮ ಫೈಲಿಗೆ ತಂದುಕೊಳ್ಳಿ. ಎಂಜಿನ್‌ಎಕ್ಸ್ ಕಮಾಂಡಿಗೆ ಮೈನಸ್ ಟಿ ಸೇರಿಸಿ ಓಡಿಸಿದರೆ ತಪ್ಪಿದ್ದಲ್ಲಿ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಸರಿಯಿದ್ದರೆ ಮಾತ್ರ ರೀಲೋಡ್ ಮಾಡಿ.

ಫೆಡೋರಾ, ಆರ್ಚ್ ಎಂಬ ಬೇರೆ ಲಿನಕ್ಸ್‌ಗಳನ್ನು ಬಳಸುವವರಿಗೆ ಇಂಥ ಪ್ರಶ್ನೆ ಬರುವುದಿಲ್ಲ. ಅಲ್ಲಿ ‘ಆರ್‌ಪಿಎಂನ್ಯೂ’, ‘ಪ್ಯಾಕ್‌ನ್ಯೂ’ ಎಂಬ ಬಾಲದ ಫೈಲುಗಳನ್ನು ಈಟಿಸಿ ಫೋಲ್ಡರಿನಲ್ಲಿ ನೀವೇ ಹುಡುಕಿಕೊಳ್ಳಬೇಕು.

ಈ ತಾಪತ್ರಯವೇ ಬೇಡ ಅಂದರೆ ಮುಖ್ಯ ಫೈಲನ್ನು ಮುಟ್ಟಬೇಡಿ. ಆ 20 ಎಂಬಿ ಸಾಲನ್ನು ‘ಕಾನ್ಫ್ ಡಾಟ್ ಡಿ’ ಫೋಲ್ಡರಿನಲ್ಲಿ ನಿಮ್ಮದೇ ಒಂದು ಸಣ್ಣ ಫೈಲಿಗೆ ಹಾಕಿ, ಹೆಸರು ‘ಡಾಟ್ ಕಾನ್ಫ್’ ಎಂದು ಮುಗಿಯಲಿ. ಮುಖ್ಯ ಫೈಲಿನಲ್ಲಿದ್ದ ಹಳೆಯ ಸಾಲನ್ನು ತೆಗೆಯಲು ಮರೆಯಬೇಡಿ. ಎರಡೂ ಕಡೆ ಇದ್ದರೆ ಒಂದೇ ಸೆಟ್ಟಿಂಗ್ ಎರಡು ಸಲ ಬಂದಿದೆ ಎಂದು ಎಂಜಿನ್‌ಎಕ್ಸ್ ತಕರಾರು ಮಾಡುತ್ತದೆ.