ಡ್ರೈಯರ್ ಸೆನ್ಸರ್ ಎರರ್ ತೋರಿಸಿದರೆ ಮೊದಲು ಇದನ್ನು ನೋಡಿ
ಬಟ್ಟೆ ಒಣಗಿಸುವ ಡ್ರೈಯರ್ ಟೆಂಪರೇಚರ್ ಸೆನ್ಸರ್ ಎರರ್ ತೋರಿಸಿ ನಿಂತರೆ, ತಕ್ಷಣ ಬೋರ್ಡ್ (ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಬದಲಾಯಿಸಲು ಒಪ್ಪಬೇಡಿ. ಸೆನ್ಸರ್ ಅದಕ್ಕಿಂತ ಎಷ್ಟೋ ಅಗ್ಗ.

ಪ್ಲಗ್ ಕಿತ್ತು, ಮಷಿನ್ ತಣ್ಣಗಾಗಲು ಬಿಡಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ಸೆನ್ಸರ್ ಅಂದರೆ ಎರಡು ವೈರ್ ಇರುವ ಪುಟ್ಟ ಥರ್ಮಿಸ್ಟರ್, ಬಿಸಿಗೆ ತಕ್ಕಂತೆ ಇದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಹೆಚ್ಚಾಗಿ ಬ್ಲೋವರ್ ಹತ್ತಿರ, ಗಾಳಿ ಹೋಗುವ ದಾರಿಯಲ್ಲಿ ಇರುತ್ತದೆ. ಮಷಿನ್ ಅದುರಿ ಅದುರಿ ಕನೆಕ್ಟರ್ ಸಡಿಲವಾಗಿರಬಹುದು, ಅದನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ.

ಆಗಲೂ ಸರಿಹೋಗದಿದ್ದರೆ ಮತ್ತೆ ಪ್ಲಗ್ ಕಿತ್ತು, ಕನೆಕ್ಟರ್ ಬಿಡಿಸಿ, ಮಲ್ಟಿಮೀಟರ್‌ನಲ್ಲಿ ಸೆನ್ಸರ್‌ನ ಓಮ್ (ರೆಸಿಸ್ಟೆನ್ಸ್) ಅಳೆಯಿರಿ. ಅನೇಕ ಮಾಡೆಲ್‌ಗಳಲ್ಲಿ 25 ಡಿಗ್ರಿಗೆ ಸುಮಾರು 10 ಕಿಲೋ ಓಮ್ ಬರುತ್ತದೆ. ನಿಮ್ಮದರ ಅಂಕಿ ಸರ್ವೀಸ್ ಶೀಟ್‌ನಲ್ಲಿರುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಗಾಳಿ ಬಿಡಿ, ಅಂಕಿ ಮೆಲ್ಲಗೆ ಇಳಿಯಬೇಕು. ಇಳಿಯದೆ ಹಾಗೇ ನಿಂತರೆ, ಸೊನ್ನೆ ಅಥವಾ ಓಪನ್ (ಒಳಗೆ ಸಂಪರ್ಕ ಕಡಿದಿದೆ ಎಂದು, ಮೀಟರ್‌ನಲ್ಲಿ OL) ತೋರಿಸಿದರೆ ಸೆನ್ಸರ್ ಹೋಗಿದೆ ಅಂತಲೇ ಲೆಕ್ಕ.

ಪಕ್ಕದಲ್ಲೇ ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಭಾಗ) ಇದ್ದರೆ ಗೊಂದಲ ಬೇಡ. ಅದು ಸೊನ್ನೆಯ ಹತ್ತಿರ ತೋರಿಸಿದರೇ ಸರಿ. ಅದು ಸುಟ್ಟಿದ್ದರೆ ವೈರ್ ನೇರ ಜೋಡಿಸಿ ಓಡಿಸಬೇಡಿ, ಬೆಂಕಿ ಹತ್ತಬಹುದು. ಫಿಲ್ಟರ್, ಪೈಪ್‌ನಲ್ಲಿ ನೂಲಿನ ಧೂಳು ಕಟ್ಟಿಕೊಂಡಿದೆಯಾ ನೋಡಿ. ಜಾಸ್ತಿ ಬಿಸಿಗೆ ಹೆಚ್ಚಾಗಿ ಮೂಲ ಅದೇ ಅಲ್ವಾ?