ಹೆರಿಗೆ ಆದ ಮೇಲೂ ಬಿಪಿ ಇಳಿಯಲಿಲ್ಲ: ಹಾಸನದ ಒಬ್ಬ ತಾಯಿಯ ಅನುಭವ

ಏಳನೇ ತಿಂಗಳಲ್ಲಿ ನನಗೆ ಬಿಪಿ ಏರಿತು. ಮೂತ್ರದಲ್ಲಿ ಪ್ರೋಟೀನ್ ಕೂಡ ಹೋಗುತ್ತಿತ್ತು. ಪ್ರಿ-ಎಕ್ಲಾಂಪ್ಸಿಯಾ ಅಂದರು ಡಾಕ್ಟರ್. "ಹೆರಿಗೆ ಆಗಲಿ, ತಾನಾಗೇ ಸರಿಹೋಗುತ್ತೆ" ಅಂತ ಮನೆಯವರೆಲ್ಲ ಧೈರ್ಯ ಹೇಳಿದರು. ಎಷ್ಟೋ ಜನಕ್ಕೆ ಹಾಗೇ ಆಗುತ್ತೆ, ಕೆಲವು ವಾರಗಳಲ್ಲಿ ಇಳಿದುಬಿಡುತ್ತೆ. ನನಗೆ ಇಳಿಯಲಿಲ್ಲ. ಬಾಣಂತನ ಮುಗಿಸಿ ಮಗುವಿಗೆ ಮೂರು ತಿಂಗಳು ತುಂಬಿದ ಮೇಲೂ 140/90ರ ಮೇಲೇ ನಿಂತಿತ್ತು. ಅಷ್ಟು ದಿನ ಕಳೆದರೂ ಇಳಿಯದಿದ್ದರೆ ಅದು ಉಳಿದುಕೊಳ್ಳುವ ಬಿಪಿ ಅಂತಲೇ ಲೆಕ್ಕ. ಚಿಕ್ಕ ವಯಸ್ಸಲ್ಲಿ ಬಂದರೆ ಕಿಡ್ನಿ, ಥೈರಾಯ್ಡ್ ಕೂಡ ನೋಡಬೇಕು. ನೋಡಿಸಿದೆವು, ಎರಡೂ ಸರಿಯಿತ್ತು.

ನಮ್ಮಪ್ಪನಿಗೆ ಐವತ್ತು ತುಂಬುವ ಮೊದಲೇ ಸ್ಟೆಂಟ್ ಹಾಕಿದ್ದರು. ಅಪ್ಪನಿಗೋ ಅಣ್ಣನಿಗೋ 55ರ ಒಳಗೆ ಹೃದಯದ ತೊಂದರೆ ಬಂದಿದ್ದರೆ ನಾವೂ ಹುಷಾರಾಗಿರಬೇಕು. ಬಸಿರಲ್ಲಿ ಪ್ರಿ-ಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಜಾಸ್ತಿ. ನನಗೆ ಎರಡೂ ಕೂಡಿಬಂದಿತ್ತು.

ಇಂಥ ಹೊತ್ತಲ್ಲೇ 2025ರ ಮೇ–ಜೂನ್ ಬಂತು. ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸಾಯುತ್ತಿದ್ದಾರೆ ಅನ್ನೋ ಸುದ್ದಿ ದಿನಾ ಟಿವಿಯಲ್ಲಿ. ಜನ ಬೆಳಗಿನ ಜಾವವೇ ಎದ್ದು ಮೈಸೂರಿನ ಜಯದೇವ ಆಸ್ಪತ್ರೆಗೆ ಸಾಲು ನಿಂತರು. ಆಮೇಲೆ ತಜ್ಞರ ಸಮಿತಿ ಪರಿಶೀಲಿಸಿ, ಜಿಲ್ಲೆಯಲ್ಲಿ ಸಾವು ಅಸಹಜವಾಗಿ ಏರಿಲ್ಲ, ತೀರಿಕೊಂಡವರಲ್ಲಿ ಹೆಚ್ಚಿನವರಿಗೆ ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಬೊಜ್ಜಿನಂಥ ಕಾರಣ ಇದ್ದವು ಎಂದಿತು. ಆ ಕಾರಣಗಳ ಪಟ್ಟಿಯಲ್ಲಿ ನನಗೆ ಗೊತ್ತಿದ್ದ ನನ್ನ ಕಾಯಿಲೆ ಇತ್ತು. ಹೆದರಿಕೆ ಎಷ್ಟಾಯಿತೋ, ದಾರಿಯೂ ಅಷ್ಟೇ ಸ್ಪಷ್ಟವಾಯಿತು. ಒಂದು ದಿನ ಇಸಿಜಿ ತೆಗೆಸಿ ನಾರ್ಮಲ್ ಬಂತು ಅಂತ ಮನೆಗೆ ಬಂದರೆ ಬಿಪಿ ಇಳಿಯುವುದಿಲ್ಲ. ಇಸಿಜಿ ಹೇಳೋದು ಆ ಗಳಿಗೆಯ ಕಥೆ. ಬಿಪಿಯನ್ನು ದಿನಾ ನೋಡಿಕೊಳ್ಳಬೇಕು.

ಅದಕ್ಕೇ ತೋಳಿಗೆ ಸುತ್ತುವ ಡಿಜಿಟಲ್ ಮೆಷಿನ್ ತಂದೆವು. ಮಣಿಕಟ್ಟಿನದಕ್ಕಿಂತ ಇದು ನಂಬಿಕಸ್ಥ. ಪಟ್ಟಿ ತೋಳಿನ ಅಳತೆಗೆ ಸರಿಯಾಗಿರಬೇಕು, ಚಿಕ್ಕದಾದರೆ ಸುಮ್ನೆ ಜಾಸ್ತಿ ತೋರಿಸುತ್ತೆ. ನೋಡುವ ಅರ್ಧ ಗಂಟೆ ಮೊದಲು ಕಾಫಿ ಬೇಡ. ನಮ್ಮೂರಲ್ಲಿ ಇದೇ ಕಷ್ಟ ಅನ್ನಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಮಾತಾಡಬಾರದು. ಎರಡು ವರ್ಷದ ಮಗು ಇರುವ ಮನೆಯಲ್ಲಿ ಐದು ನಿಮಿಷ ಎಲ್ಲಿಂದ ತರೋದು? ಅವಳಿಗೆ ಆ ಮೆಷಿನ್ನಿನ ಗುಂಡಿ ಒತ್ತಬೇಕು, ಪಟ್ಟಿ ಎಳೆಯಬೇಕು. ಕೊನೆಗೆ ನಮ್ಮ ಮಾವ ಬೆಳಗ್ಗೆ ಹಾಲು ತರೋಕೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುವುದು ಅಂತಾಯಿತು. ಅವರು ವಾಪಸ್ ಬರುವಷ್ಟರಲ್ಲಿ ನಾನು ಮಾತ್ರೆಗೆ ಮುಂಚೆ ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಕ್ಯಾಲೆಂಡರ್‌ನಲ್ಲೇ ಬರೆದಿಡುತ್ತೇನೆ. ಡಾಕ್ಟರ್ ಹತ್ತಿರ ಹೋಗುವ ಮುಂಚಿನ ವಾರ ಸಂಜೆಯೂ ನೋಡುತ್ತೇನೆ. ಮನೆಯಲ್ಲಿ ನೋಡಿದಾಗ ಸರಾಸರಿ 135/85ಕ್ಕಿಂತ ಕೆಳಗಿರಬೇಕು. ಒಂದು ದಿನ ಜಾಸ್ತಿ ಬಂದರೆ ಗಾಬರಿ ಬೀಳುವುದಿಲ್ಲ, ವಾರದ ಸರಾಸರಿ ನೋಡುತ್ತೇನೆ. ಈ ಅಭ್ಯಾಸ ಬಂದ ಮೇಲೆಯೇ ರಾತ್ರಿ ನಿದ್ದೆ ಹತ್ತಿದ್ದು.

ಉಪ್ಪಿನ ವಿಷಯಕ್ಕೆ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನನಗೊಬ್ಬಳಿಗೆ ಬೇರೆ ಸಾರು ಮಾಡಿಕೊಳ್ಳುವುದು ಮಗು ಇಟ್ಟುಕೊಂಡು ಆಗದ ಮಾತು. "ಸಪ್ಪೆ ಸಾರು ಯಾರು ಉಣ್ತಾರಮ್ಮ?" ಅಂದರು ಅತ್ತೆ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾವು ದೊಡ್ಡವರು ನಾಲ್ಕು ಜನ. ದಿನಕ್ಕೆ 20 ಗ್ರಾಂ ಹಿಡಿದರೂ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ನಮ್ಮಲ್ಲಿ ತಿಂಗಳೂ ಬರುತ್ತಿರಲಿಲ್ಲ. ಈ ಲೆಕ್ಕ ಅತ್ತೆಗೆ ತಟ್ಟಿತು. ಈಗ ಪ್ಯಾಕೆಟ್ ಒಡೆದ ದಿನ ಅವರೇ ಡಬ್ಬಿಯ ಮೇಲೆ ತಾರೀಖು ಬರೆಯುತ್ತಾರೆ. ಉಪ್ಸಾರಿಗೆ ಉಪ್ಪು ಇಳಿಸಿ, ಖಾರಕ್ಕೆ ಬೆಳ್ಳುಳ್ಳಿ, ಹುಣಸೆ ಜಾಸ್ತಿ ಹಾಕುತ್ತಾರೆ. ಮುದ್ದೆಗೆ ನಮ್ಮ ಮನೆಯಲ್ಲಿ ಮೊದಲಿಂದಲೂ ಉಪ್ಪು ಹಾಕಲ್ಲ, ಅದೊಂದು ಅನುಕೂಲ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಹಬ್ಬಕ್ಕೆ ಮಾತ್ರ. ಬೇಕರಿ ಬಿಡುವುದೇ ನನಗೆ ಹೆಚ್ಚು ಕಷ್ಟವಾಗಿದ್ದು. ಅಯ್ಯಂಗಾರ್ ಬೇಕರಿಗಳ ತವರು ನಮ್ಮ ಜಿಲ್ಲೆ, ಖಾರ ಬನ್ನು ಯಾರಿಗೆ ಬೇಡ! ಆದರೆ ಬ್ರೆಡ್ಡು, ಬನ್ನು, ಖಾರ ಬಿಸ್ಕತ್ತಿನಲ್ಲಿ ಹೋಗುವ ಉಪ್ಪು ಕಣ್ಣಿಗೆ ಕಾಣಲ್ಲ.

ಮಾತ್ರೆ ಬಗ್ಗೆ ಮುಚ್ಚುಮರೆ ಬೇಡ. ನಾನು ದಿನಾ ತೆಗೆದುಕೊಳ್ಳುತ್ತೇನೆ. ಎದೆಹಾಲು ಕುಡಿಸುವಾಗ ಅದಕ್ಕೆ ಹೊಂದುವ ಮಾತ್ರೆ ಕೊಟ್ಟಿದ್ದರು. "ಒಂದು ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ" ಅಂತ ನೆಂಟರು ಹೆದರಿಸುತ್ತಾರೆ. ಬಿಪಿ ಸರಿ ಇರೋದೇ ಮಾತ್ರೆಯಿಂದ, ಅದು ಸರಿಯಾಯಿತು ಅಂತ ನಾವಾಗೇ ನಿಲ್ಲಿಸಿದರೆ ಮತ್ತೆ ಏರುತ್ತೆ ಅಲ್ವಾ? ಟೆಲ್ಮಿಸಾರ್ಟಾನ್ ತರದ ಕೆಲವು ಮಾತ್ರೆ ಬಸಿರಲ್ಲಿ ತೆಗೆದುಕೊಳ್ಳುವಂತಿಲ್ಲ, ಹಾಗಾಗಿ ಇನ್ನೊಂದು ಮಗು ಬೇಕು ಅನ್ನುವವರು ಮೊದಲೇ ಡಾಕ್ಟರ್‌ಗೆ ಹೇಳಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಬಿಪಿ ಏರಿಸಬಹುದು. ತಲೆನೋವು, ಸೊಂಟನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದನ್ನೂ ಬಿಟ್ಟೆ. ಅವುಗಳಲ್ಲೂ ಎಷ್ಟೋ ಮಾತ್ರೆ ಬಿಪಿ ಏರಿಸುತ್ತವೆ.

ನಡಿಗೆಗೆ ಮಹಾರಾಜ ಪಾರ್ಕ್. ಸಂಜೆ ಮಗಳೂ ಬರುತ್ತಾಳೆ. ರಾತ್ರಿ ಅವಳು ಎದ್ದರೆ ಒಂದು ದಿನ ನಾನು, ಒಂದು ದಿನ ನಮ್ಮ ಯಜಮಾನರು.

ಎದೆನೋವು ಬಂದರೆ ಏನು ಮಾಡಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ. ಎದೆ ಹಿಂಡಿದ ಹಾಗೆ, ಬೆವರು, ಉಸಿರು ಕಟ್ಟೋದು, ದವಡೆಗೋ ಬೆನ್ನಿಗೋ ಎಳೆಯುವ ನೋವು ಬಂದರೆ, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗುವಂತಿಲ್ಲ. ಕೂಡಲೇ 108. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹಳ್ಳಿಯಲ್ಲಿರುವ ನಮ್ಮಮ್ಮನಿಗೂ ಇದನ್ನು ಹೇಳಿದ್ದೇನೆ.

ಬಸಿರಲ್ಲಿ ಬಿಪಿ ಬಂದಿದ್ದವರಿಗೆ ಒಂದು ಮಾತು. ನಿಮ್ಮ ತಾಯಿ ಕಾರ್ಡ್ ಜೋಪಾನವಾಗಿಡಿ, ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ತೋರಿಸಿ. ಬಿಪಿ ಇಳಿದು ಸರಿಹೋಗಿದ್ದರೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಮತ್ತೆ ಬಸಿರಾದರೆ ಮೊದಲ ಮೂರು ತಿಂಗಳೊಳಗೇ ಹೋಗಿ ಹೇಳಿ. ಅಂಥವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಕೊಡುವುದುಂಟು, ಅದನ್ನು 16 ವಾರದ ಒಳಗೆ ಶುರು ಮಾಡಿದರೆ ಒಳ್ಳೆಯದು.