ಗೋಡೆ ಪತ್ರಿಕೆ: ಮಕ್ಕಳ ಬರಹಕ್ಕೆ ಓದುಗರು ಸಿಗಲಿ

ಗವಿಮಠದ ಜಾತ್ರೆ ಮುಗಿದ ಮೇಲೆ ಕೊಪ್ಪಳದ ಯಾವ ಶಾಲೆಯಲ್ಲಾದರೂ ‘ನಾನು ನೋಡಿದ ಜಾತ್ರೆ’ ಅಂತ ಪ್ರಬಂಧ ಬರೆಸಿ ನೋಡಿ. ಹೆಚ್ಚಿನ ಮಕ್ಕಳು ‘ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕಗಳಾಗಿವೆ’ ಅಂತಲೇ ಶುರು ಮಾಡುತ್ತಾರೆ. ಅದೇ ಮಕ್ಕಳು ಬಿಸಿಯೂಟಕ್ಕೆ ಕೂತಾಗ ಮಾತು ಕೇಳಿ. ತೇರಿನ ಮುಂದಿನ ನೂಕುನುಗ್ಗಲಲ್ಲಿ ತಮ್ಮನ ಕೈ ಬಿಟ್ಟುಹೋಗಿದ್ದು, ದಾಸೋಹಕ್ಕೆ ಕಳಿಸಲು ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ರೊಟ್ಟಿ ಬಡಿದಿದ್ದು, ಮಾದಲಿ ಎರಡು ಸಲ ಹಾಕಿಸಿಕೊಂಡಿದ್ದು, ಎಲ್ಲ ಬರುತ್ತದೆ.

ಹೇಳಲು ಇಷ್ಟೆಲ್ಲ ಇದ್ದರೂ ಬರೆಯಲು ಕೂತಾಗ ಯಾಕೆ ಏನೂ ಹೊಳೆಯುವುದಿಲ್ಲ? ಮಾತಾಡುವಾಗ ಎದುರಿಗೆ ಗೆಳೆಯರಿರುತ್ತಾರೆ. ‘ಆಮ್ಯಾಲೆ ಏನಾತು?’ ಅಂತ ಕೇಳುತ್ತಾರೆ. ನೋಟ್‌ಬುಕ್ಕಿಗೆ ಇರುವ ಓದುಗರು ಒಬ್ಬರೇ, ಅವರ ಕೈಯಲ್ಲಿ ಕೆಂಪು ಪೆನ್ನು. ಹಾಗಾಗಿ ಬರೆಸುವ ಮುಂಚೆ ಓದುವವರನ್ನು ಹುಡುಕಿಕೊಡಬೇಕು. ಅದಕ್ಕೆ ಕಡಿಮೆ ಖರ್ಚಿನ ದಾರಿ ಗೋಡೆ ಪತ್ರಿಕೆ, ಅಂದರೆ ಮಕ್ಕಳು ಬರೆದ ಹಾಳೆಗಳನ್ನು ಎಲ್ಲರೂ ಓದುವಂತೆ ಶಾಲೆಯಲ್ಲೇ ತೂಗುಹಾಕುವುದು.

ಜಾಗ ಎಲ್ಲಿ?

ಮುಖ್ಯ ಗುರುಗಳ ಕೋಣೆ ಬೇಡ. ಕೈ ತೊಳೆಯುವ ನಳದ ಹತ್ತಿರ ಅಥವಾ ಊಟಕ್ಕೆ ಸಾಲು ನಿಲ್ಲುವ ವರಾಂಡದಲ್ಲಿ, ನಾಲ್ಕನೇ ತರಗತಿಯ ಮಗುವಿನ ಕಣ್ಣಿನ ಎತ್ತರಕ್ಕೆ ನೈಲಾನ್ ಹಗ್ಗ ಕಟ್ಟಿ. ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಹಾಳೆ ಸಿಕ್ಕಿಸಿ. ನಮ್ಮ ಕಡೆ ಗಾಳಿ ಜಾಸ್ತಿ, ಕೆಳಗೂ ಒಂದು ಹಗ್ಗ ಇರಲಿ. ಅಂಟು ಹಚ್ಚಬೇಡಿ, ಶನಿವಾರಕ್ಕೊಮ್ಮೆ ಹಾಳೆ ಬದಲಾಗಬೇಕು. ತೆಗೆದ ಹಾಳೆಗಳನ್ನು ದಾರ ಪೋಣಿಸಿ ಪುಸ್ತಕ ಮಾಡಿ ಓದುವ ಮೂಲೆಯಲ್ಲಿಡಿ.

ಏನು ಬರೆಸಬೇಕು?

ವಿಷಯ ಕೊಡಬೇಡಿ, ಪ್ರಶ್ನೆ ಕೇಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ಸುದ್ದಿ ಬಂದಾಗ ನಿಮ್ಮ ಮನೆಯಲ್ಲಿ ಭತ್ತದ ಬಗ್ಗೆ ಯಾರು ಏನಂದರು? ಮನೆಯಲ್ಲಿ ಕೇಳಿಕೊಂಡು ಬಂದು ಬರೆಯಿರಿ. ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಚ್ಚುವಾಗ ಮೊದಲು ಯಾವ ಭಾಗಕ್ಕೆ ಹಚ್ಚುತ್ತಾರೆ? ಪಾಲ್ಕಿಗುಂಡು ಬೆಟ್ಟ ಹತ್ತಿ ಅಶೋಕನ ಶಾಸನ ನೋಡಿದವರು ಯಾರು, ಹತ್ತುವಾಗ ಎಲ್ಲಿ ಕಾಲು ಜಾರಿತು? ಇಂಥ ಪ್ರಶ್ನೆಗಳಿಗೆ ಗೈಡಿನಲ್ಲಿ ಉತ್ತರ ಇರುವುದಿಲ್ಲ.

ತಿದ್ದುವ ಕೆಲಸ

ಇಲ್ಲಿ ತಾಳ್ಮೆ ಬೇಕು. ಒಂದು ಮಗು ಹೀಗೆ ಬರೆದಿದೆ ಅಂದುಕೊಳ್ಳಿ: ‘ನಮ್ಮ ಮನಿ ಮುಂದ ಟ್ಯಾಂಕರ್ ಬಂತು. ಅವ್ವ ಕೊಡ ತಗೊಂಡು ಓಡಿದಳು. ನನಗ ನಗಿ ಬಂತು. ಅವ್ವಗ ಸಿಟ್ಟು ಬಂತು.’ ಮೊದಲೇ ಕಾಗುಣಿತಕ್ಕೆ ಹೋಗಬೇಡಿ. ‘ನಗು ಯಾಕ ಬಂತು?’ ಅಂತ ಕೇಳಿ. ‘ಅವ್ವನ ಕಾಲಾಗ ಒಂದ ಚಪ್ಪಲಿ ಇತ್ತ್ರಿ ಸರ್’ ಅಂದರೆ, ‘ಅದನ್ನೂ ಬರಿ’ ಅನ್ನಿ. ಆ ಒಂದು ಸಾಲಿನಿಂದ ಓದುವವರಿಗೆ ಟ್ಯಾಂಕರ್ ಹಿಂದೆ ಓಡುವ ಅವ್ವ ಕಾಣುತ್ತಾಳೆ.

ಆಮೇಲೆ ತಪ್ಪುಗಳು. ಒಂದು ವಾರಕ್ಕೆ ಒಂದೇ ಬಗೆಯ ತಪ್ಪು ಹಿಡಿಯಿರಿ. ಈ ವಾರ ಒತ್ತಕ್ಷರ, ಮುಂದಿನ ವಾರ ದೀರ್ಘ. ಕರಡಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಮಗುವೇ ತಿದ್ದಿ ಬರೆಯಲಿ. ತೂಗುಹಾಕುವ ಹಾಳೆಯ ಮೇಲೆ ನಿಮ್ಮ ಗುರುತು ಒಂದೂ ಬೇಡ. ‘ಮನಿ’, ‘ಮುಂದ’ ಅನ್ನುವ ಮನೆಮಾತನ್ನು ನಾಲ್ಕು, ಐದನೇ ತರಗತಿಯಲ್ಲಿ ಹಾಗೇ ಬಿಡಿ ಅಂತ ನಾನು ಹೇಳುತ್ತೇನೆ. ಪುಸ್ತಕದ ಭಾಷೆ ಓದುತ್ತಾ ಓದುತ್ತಾ ಬರುತ್ತದೆ. ಬರೆಯುವ ಧೈರ್ಯ ಹೋದರೆ ಮತ್ತೆ ತರುವುದು ಕಷ್ಟ. ತಾಂಡಾದ ಮಕ್ಕಳು, ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಮಕ್ಕಳು ಮೊದಲು ಗೆಳೆಯನಿಗೆ ಬಾಯಿಮಾತಿನಲ್ಲಿ ಹೇಳಲಿ, ಆಮೇಲೆ ಬರೆಯಲಿ. ನಡುವೆ ತಮ್ಮ ಮಾತಿನ ಪದ ಬಂದರೆ ಬರಲಿ.

ಓದಿದವರು ಉತ್ತರ ಕೊಡಬೇಕು

ಹಗ್ಗದ ಪಕ್ಕ ಒಂದು ಡಬ್ಬಿ, ಒಂದಷ್ಟು ಚೀಟಿ ಇಡಿ. ಓದಿದವರು ಚೀಟಿ ಬರೆದು ಹಾಕಬೇಕು. ‘ಚಲೋ ಐತಿ’ ಅಂತ ಸುಮ್ನೆ ಬರೆದರೆ ನಡೆಯುವುದಿಲ್ಲ. ಯಾವ ಸಾಲು ಇಷ್ಟವಾಯಿತು ಅಂತ ತೋರಿಸಬೇಕು, ಒಂದು ಪ್ರಶ್ನೆ ಕೇಳಬೇಕು. ಬರೆದ ಮಗು ಮುಂದಿನ ವಾರ ಅದಕ್ಕೆ ಉತ್ತರ ಬರೆಯುತ್ತದೆ. ಎರಡನೇ ಬರಹ ಹೀಗೇ ಹುಟ್ಟುತ್ತದೆ. ನೀವೂ ಓದುಗರಾಗಿ ಚೀಟಿ ಹಾಕಿ. ತಿಂಗಳಿಗೊಮ್ಮೆ ನಿಮ್ಮದೂ ಒಂದು ಹಾಳೆ ತೂಗಲಿ.

ಅಕ್ಷರ ದುಂಡಗಿರುವ ನಾಲ್ಕು ಮಕ್ಕಳ ಬರಹವೇ ಪ್ರತಿ ವಾರ ಬಂದರೆ ಉಳಿದವರು ಹಗ್ಗದ ಕಡೆ ನೋಡುವುದನ್ನೇ ಬಿಡುತ್ತಾರೆ. ಸರದಿ ಮಾಡಿ. ಇನ್ನೂ ಬರೆಯಲು ಬಾರದ ಮಗು ಚಿತ್ರ ಬಿಡಿಸಿ ಹೇಳಲಿ, ಗೆಳತಿ ಬರೆದುಕೊಳ್ಳಲಿ. ಹಾಳೆ ಜೋಡಿಸಿ ತೂಗುಹಾಕುವ ಮಕ್ಕಳ ಸಂಪಾದಕರ ಗುಂಪು ತಿಂಗಳಿಗೊಮ್ಮೆ ಬದಲಾಗಲಿ.

ಇನ್ನೊಂದು ಮಾತು. ಮನೆಯ ಜಗಳ, ಸಾಲ, ಕಾಯಿಲೆ ಬಗ್ಗೆ ಮಕ್ಕಳು ಮನಸ್ಸು ಬಿಚ್ಚಿ ಬರೆಯುತ್ತಾರೆ. ಬರೆಯಲಿ, ಆದರೆ ಅದು ನಿಮ್ಮ ಕೈಗೆ ಬರಲಿ, ಗೋಡೆಗಲ್ಲ. ತೂಗುಹಾಕುವ ಮುಂಚೆ ಪ್ರತಿ ಸಲ ಮಗುವನ್ನು ಕೇಳಿ. ಬೇಡ ಅಂದರೆ ಬೇಡ. ಫೋಟೊ ತೆಗೆದು ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಿದ್ದರೂ ಇದೇ ನಿಯಮ.

ಊರಾಚೆಯ ಓದುಗರು

ಫ್ರಾನ್ಸಿನ ಹಳ್ಳಿ ಮಾಸ್ತರು ಸೆಲೆಸ್ಟಿನ್ ಫ್ರೆನೆ 1920ರ ದಶಕದಲ್ಲಿ ತರಗತಿಗೇ ಒಂದು ಚಿಕ್ಕ ಅಚ್ಚಿನ ಯಂತ್ರ ತಂದರು. ಮೊದಲ ಮಹಾಯುದ್ಧದಲ್ಲಿ ಅವರ ಶ್ವಾಸಕೋಶಕ್ಕೆ ಪೆಟ್ಟಾಗಿತ್ತು, ಜಾಸ್ತಿ ಹೊತ್ತು ಪಾಠ ಹೇಳಲು ಆಗುತ್ತಿರಲಿಲ್ಲ. ಮಕ್ಕಳು ತಮ್ಮ ಬರಹವನ್ನು ತಾವೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿ ದೂರದ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದಲೂ ಬರಹ ಬರುತ್ತಿತ್ತು. ನಮಗೆ ಯಂತ್ರ ಬೇಡ. ಕುಷ್ಟಗಿಯ ಒಣಬೇಸಾಯದ ಊರಿನ ಶಾಲೆಯೊಂದು ಗಂಗಾವತಿಯ ಗದ್ದೆ ಬಯಲಿನ ಶಾಲೆಯ ಜೊತೆ ತಿಂಗಳಿಗೊಂದು ಲಕೋಟೆ ಬದಲಿಸಿಕೊಂಡರೆ ಸಾಕು. ಇಬ್ಬರಿಗೂ ಇನ್ನೊಬ್ಬರ ಊರು ಹೊಸದು, ಅಲ್ವಾ?

ಗುಳೆ ಹೋದ ಮನೆಗಳ ಮಕ್ಕಳನ್ನು ಮರೆಯಬೇಡಿ. ಬೆಂಗಳೂರಿನಲ್ಲೋ ಗೋವಾದಲ್ಲೋ ಕಟ್ಟಡ ಕೆಲಸದ ಶೆಡ್ಡಿಗೆ ಟಪಾಲು ತಲುಪುವುದು ಕಷ್ಟ. ಹೊರಡುವ ಮುಂಚೆಯೇ ಅಪ್ಪನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ತರಗತಿಯವರು ಬರೆದ ಚೀಟಿಗಳ ಫೋಟೊ ಆ ಫೋನಿಗೆ ಹೋಗಲಿ. ಅಲ್ಲಿ ಏನು ಕಂಡೆ ಅಂತ ಆ ಮಗು ಬರೆದು ಕಳಿಸಿದ ವಾರ, ಮೊದಲ ಕ್ಲಿಪ್ ಆ ಹಾಳೆಗೇ ಕೊಡಿ.